ಐನೂರು ಡಾಲರಿಗೆ ಹಳೆಯ ಬೇಟೆ ರೈಫಲ್: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಯಾರೂ ಕೋವಿಗೆ ಬೆಲೆ ಕಟ್ಟಿದ್ದನ್ನು ನಾನು ನೋಡಿರಲಿಲ್ಲ. ಅಜ್ಜನ ಜೋಡುನಳಿಗೆ ಕೋವಿ ಲೈಸೆನ್ಸ್ ಪುಸ್ತಕದ ಸಮೇತ ಅಪ್ಪನಿಗೆ ಬಂತು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಂಡು, ಉಳಿದ ದಿನ ಗದ್ದೆಗೆ ನುಗ್ಗುವ ಹಂದಿಗಳನ್ನು ಬೆದರಿಸಿಕೊಂಡು ಇತ್ತು. ಪೆನ್ಸಿಲ್ವೇನಿಯಾಕ್ಕೆ ಬಂದು ಎಷ್ಟೋ ವರ್ಷಗಳಾದ ಮೇಲೆ ಮೊದಲ ಸಲ ಬಂದೂಕಿನ ಅಂಗಡಿ ಹೊಕ್ಕಾಗ, ಗೋಡೆಯುದ್ದಕ್ಕೂ ಸಾಲಾಗಿ ನಿಂತ ಹಳೆಯ ರೈಫಲ್‌ಗಳ ಕೊರಳಲ್ಲಿ ಸೀರೆಯಂಗಡಿಯಂತೆ ಬೆಲೆಚೀಟಿಗಳು ತೂಗುತ್ತಿದ್ದವು. ಅಕ್ಕಪಕ್ಕದಲ್ಲಿ ಎರಡು ಕೋವಿಗಳು. ಒಂದೇ ಕಂಪನಿ, ಒಂದೇ ಮಾದರಿ, ಹಾಕುವ ತೋಟಾ ಕೂಡ ಒಂದೇ. ಒಂದಕ್ಕೆ 500 ಡಾಲರ್, ಇನ್ನೊಂದಕ್ಕೆ 1,100. ವ್ಯತ್ಯಾಸ ಏನೆಂದು ನನಗೆ ಕಾಣಲಿಲ್ಲ. ಕಂಡಿದ್ದರೆ ಅಂದು ಇನ್ನೆಲ್ಲೋ ಹೋಗಿ ಹಣ ಕಳೆದುಕೊಳ್ಳುತ್ತಿರಲಿಲ್ಲ. ಆ ಕಥೆ ಮುಂದೆ ಬರುತ್ತದೆ.

ಈ ಬರಹ ಅಮೆರಿಕದಲ್ಲಿ ಕಾನೂನುಬದ್ಧವಾಗಿ ಜಿಂಕೆ ಬೇಟೆಗೆ ಹೋಗುವ, ಐನೂರು ಡಾಲರಿನ ಆಸುಪಾಸಿನಲ್ಲಿ ಹಳೆಯ ರೈಫಲ್ ಹುಡುಕುವ ಕನ್ನಡಿಗರಿಗೆ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆ ಎನ್ನುವುದು ಹಿರಿಯರ ಬಾಯಲ್ಲಿ ಕಥೆಯಾಗಿ ಉಳಿದಿದೆ. ಇಲ್ಲಿ ಅದು ಲೈಸೆನ್ಸ್, ಋತು, ಲೆಕ್ಕ ಎಲ್ಲ ಇರುವ ಸಾರ್ವಜನಿಕ ವ್ಯವಹಾರ.

ಹಳೆಯ ಕೋವಿಯ ದೋಷಗಳಲ್ಲಿ ಎರಡು ಜಾತಿ: ಬೆಲೆ ಇಳಿಸುವ ದೋಷ, ಕೆಲಸ ಕೆಡಿಸುವ ದೋಷ. ಸಂಗ್ರಹಕಾರನಿಗೆ ಎರಡೂ ಒಂದೇ. ಕಾರ್ಖಾನೆಯಿಂದ ಬಂದ ಹಾಗೆಯೇ ಇರಬೇಕು ಎನ್ನುವುದು ಅವನ ಹಟ. ಯಾರೋ ಒಬ್ಬ ದುರ್ಬೀನು ಕೂರಿಸಲು ಎರಡು ತೂತು ಹೆಚ್ಚಿಗೆ ಕೊರೆದಿದ್ದರೆ ಅವನ ಲೆಕ್ಕದಲ್ಲಿ ಬೆಲೆ ಅರ್ಧಕ್ಕೆ ಬೀಳುತ್ತದೆ. ಜಿಂಕೆಗೆ ಆ ತೂತು ಕಾಣುವುದಿಲ್ಲ. ಆದ್ದರಿಂದ ಬೇಟೆಗೆ ಕೊಳ್ಳುವವನು ಸಂಗ್ರಹಕಾರ ಒಲ್ಲೆನೆಂದು ಬಿಟ್ಟದ್ದನ್ನೇ ಹುಡುಕಬೇಕು, ನಳಿಗೆಯ ವಿಷಯದಲ್ಲಿ ಮಾತ್ರ ಅವನಿಗಿಂತ ಕಟುವಾಗಿರಬೇಕು.

ತೋಟಾ ಮೊದಲು, ಕೋವಿ ಆಮೇಲೆ

ಹಳೆಯ ರೈಫಲ್ ಅಗ್ಗವಾಗಿ ಸಿಕ್ಕಿದರೆ ಮೊದಲು ನಳಿಗೆಯ ಮೇಲೆ ಕೊರೆದಿರುವ ಅಕ್ಷರ ಓದಿ. ಅದು ಆ ಕೋವಿಗೆ ಹಾಕಬೇಕಾದ ತೋಟಾದ ಹೆಸರು. 30-30, 30-06, 308, 270, 243 ಎಂದಿದ್ದರೆ ನಿಶ್ಚಿಂತೆ. ಹಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲೂ ತೋಟಾ ಸಿಗುತ್ತದೆ. 300 ಸ್ಯಾವೇಜ್, 35 ರೆಮಿಂಗ್ಟನ್, 32 ವಿಂಚೆಸ್ಟರ್ ಸ್ಪೆಷಲ್ ಎಂದಿದ್ದರೆ ಸ್ವಲ್ಪ ತಡೆಯಿರಿ. ಇವು ಜಿಂಕೆಗೆ ಒಳ್ಳೆಯ ತೋಟಾಗಳೇ. ಆದರೆ ಕಂಪನಿಗಳು ಇವನ್ನು ಬಿಟ್ಟು ಬಿಟ್ಟು ತಯಾರಿಸುತ್ತವೆ, ಸಿಕ್ಕಿದಾಗ ಬೆಲೆಯೂ ಜಾಸ್ತಿ. 303 ಸ್ಯಾವೇಜ್ ಎಂಬ ಹೆಸರನ್ನು 303 ಬ್ರಿಟಿಷ್ ಎಂದು ಓದಿಕೊಂಡು ಮೋಸ ಹೋಗಬೇಡಿ. ಎರಡೂ ಬೇರೆ ಬೇರೆ, ಒಂದು ಇನ್ನೊಂದಕ್ಕೆ ಹೊಂದುವುದಿಲ್ಲ. ಮನೆಯಲ್ಲೇ ತೋಟಾ ತುಂಬುವ ಹವ್ಯಾಸ ಇರುವವರಿಗೆ ಈ ಅಪರೂಪದ ತೋಟಾಗಳೇ ಲಾಭ, ಏಕೆಂದರೆ ಇವುಗಳಿಂದಾಗಿ ಒಳ್ಳೆಯ ಕೋವಿ ನೂರಿನ್ನೂರು ಡಾಲರ್ ಕಡಿಮೆಗೆ ಸಿಗುತ್ತದೆ. ಉಳಿದವರಿಗೆ ಹಾಗೆ ಉಳಿಸಿದ ಹಣ ನಾಲ್ಕಾರು ಡಬ್ಬಿ ತೋಟಾ ಕೊಳ್ಳುವಷ್ಟರಲ್ಲಿ ಕರಗುತ್ತದೆ.

ವಿಂಚೆಸ್ಟರ್ 94 ಮತ್ತು ಮಾರ್ಲಿನ್ 336

ಅಮೆರಿಕದ ಕಾಡಿನ ಕೋವಿ ಎಂದರೆ ಜನರ ಕಣ್ಣ ಮುಂದೆ ಬರುವುದು ಕೆಳಗಿನ ಲಿವರ್ ಎಳೆದು ತೋಟಾ ತುಂಬುವ ಇವೆರಡೇ. ವಿಂಚೆಸ್ಟರ್ 94 ಅನ್ನು ರೂಪಿಸಿದವನು ಜಾನ್ ಬ್ರೌನಿಂಗ್, ಮಾರುಕಟ್ಟೆಗೆ ಬಂದದ್ದು 1894ರಲ್ಲಿ. ಮರುವರ್ಷ ಅದಕ್ಕೆ 30-30 ತೋಟಾ ಜೊತೆಯಾಯಿತು. ಅಂದಿನಿಂದ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಕೋವಿಗಳು ತಯಾರಾಗಿವೆ. ಅಷ್ಟು ತಯಾರಾದ ವಸ್ತು ಅಪರೂಪದ್ದು ಎಂದು ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ.

ಅಂಗಡಿಯಲ್ಲಿ ನನ್ನನ್ನು ಕಾಡಿದ ಬೆಲೆಯ ಗುಟ್ಟು 1964 ಎಂಬ ಇಸವಿಯಲ್ಲಿದೆ. ಆ ವರ್ಷ ವಿಂಚೆಸ್ಟರ್ ಕಂಪನಿ ಖರ್ಚು ಉಳಿಸಲು ಹೊರಟು, ಉಕ್ಕನ್ನು ಕಡೆದು ಮಾಡುತ್ತಿದ್ದ ಒಳಭಾಗಗಳ ಬದಲು ತಗಡು ಬಗ್ಗಿಸಿ ಮಾಡಿದ ಭಾಗಗಳನ್ನು, ಗಟ್ಟಿ ಪಿನ್ನುಗಳ ಬದಲು ಟೊಳ್ಳು ಪಿನ್ನುಗಳನ್ನು ಹಾಕತೊಡಗಿತು. ಯಂತ್ರಭಾಗಗಳನ್ನು ಹಿಡಿದಿಡುವ ಉಕ್ಕಿನ ಒಡಲಿನ, ಅಂದರೆ ರಿಸೀವರಿನ, ಲೋಹವೂ ಬದಲಾಯಿತು. ಆ ಕಾಲದ ರಿಸೀವರಿಗೆ ಮಾಮೂಲಿ ಬ್ಲೂಯಿಂಗ್, ಅಂದರೆ ಉಕ್ಕಿಗೆ ಕೊಡುವ ಕಡುನೀಲಿ ಲೇಪ, ಹಿಡಿಯುವುದೇ ಇಲ್ಲ. ಹೀಗಾಗಿ 1964ಕ್ಕಿಂತ ಹಿಂದಿನದಕ್ಕೆ ಮಾನ ಹೆಚ್ಚು. ಸರಣಿ ಸಂಖ್ಯೆ ಸುಮಾರು 27 ಲಕ್ಷಕ್ಕಿಂತ ಕೆಳಗಿದ್ದರೆ ಹಿಂದಿನದು, ಮೇಲಿದ್ದರೆ ನಂತರದ್ದು ಎಂಬುದು ಕೊಳ್ಳುವವರು ಬಾಯಿಪಾಠ ಮಾಡಿಕೊಂಡಿರುವ ಗೆರೆ.

ಬೇಟೆಗೆ ಇದರಿಂದ ಏನಾಗುತ್ತದೆ? ಬಹಳವೇನಿಲ್ಲ. 1964ರ ನಂತರದ ಮೊದಲ ಕೆಲವು ವರ್ಷಗಳ ಕೋವಿ ಅಲುಗಾಡಿಸಿದರೆ ಗಡಗಡ ಎನ್ನುತ್ತದೆ, ಲಿವರ್ ಎಳೆದರೆ ಹಳೆಯ ಕಬ್ಬಿಣದ ಗೇಟಿನ ನೆನಪಾಗುತ್ತದೆ, ಆದರೂ ತೋಟಾ ಹಾರುತ್ತದೆ. ಎಪ್ಪತ್ತರ ದಶಕದಲ್ಲಿ ಕಂಪನಿ ಈ ತಪ್ಪುಗಳಲ್ಲಿ ಕೆಲವನ್ನು ತಿದ್ದಿಕೊಂಡಿತು. ಆ ಕಾಲದ್ದು ಸಿಕ್ಕರೆ, ಬೆಲೆ ಸರಿಯಿದ್ದರೆ, ನಾನು ಹಿಂಜರಿಯುವುದಿಲ್ಲ. ಆ ಕಾಲದಲ್ಲಿ ವಿಂಚೆಸ್ಟರ್ ಹತ್ತಾರು 'ಸ್ಮರಣಾರ್ಥ' ಮಾದರಿಗಳನ್ನೂ ಮಾರಿತು: ಹೊಳೆಯುವ ರಿಸೀವರ್, ಹಿಡಿಯಲ್ಲಿ ಪದಕ. ಮಕ್ಕಳ ಕಾಲಕ್ಕೆ ಚಿನ್ನವಾಗುತ್ತದೆ ಎಂದು ಜನ ಡಬ್ಬಿ ಒಡೆಯದೆ ಅಟ್ಟದಲ್ಲಿಟ್ಟರು. ಡಬ್ಬಿ ಕಳೆದು, ಒಂದೆರಡು ಗುಂಡು ಹೊಡೆದದ್ದಾದರೆ ಇಂದು ಅದು ಮಾಮೂಲಿ 94ರ ಬೆಲೆಗೇ ಸಿಗುತ್ತದೆ. ಅಲಂಕಾರ ನಿಮಗೆ ಸಹ್ಯವಾದರೆ ಒಳ್ಳೆಯ ವ್ಯಾಪಾರ. ನನಗಂತೂ ಕಾಡಿಗೆ ಪೇಟ ಸುತ್ತಿಕೊಂಡು ಹೋದ ಹಾಗೆ ಅನ್ನಿಸುತ್ತದೆ.

ಮಾರ್ಲಿನ್ 336 ಬಂದದ್ದು 1948ರಲ್ಲಿ. ಹೆಸರಿನ ಗತ್ತು ಕಡಿಮೆ, ಉಪಯೋಗ ಒಂದು ಕೈ ಮೇಲೆ. ಹಳೆಯ ವಿಂಚೆಸ್ಟರ್ ಖಾಲಿ ತೋಟಾವನ್ನು ನೆತ್ತಿಯ ಮೇಲಿನಿಂದ ಎಸೆಯುತ್ತದೆ. 1980ರ ದಶಕದಲ್ಲಿ ಅದನ್ನು ಬದಿಗೆ ಓರೆಯಾಗಿ ಎಸೆಯುವಂತೆ ಬದಲಾಯಿಸುವವರೆಗೂ ಅದರ ಮೇಲೆ ದುರ್ಬೀನು ಕೂರಿಸುವುದು ದೊಡ್ಡ ರಗಳೆಯಾಗಿತ್ತು. ಮಾರ್ಲಿನ್ ಮೊದಲಿನಿಂದಲೂ ಪಕ್ಕದಿಂದ ಎಸೆಯುತ್ತದೆ. ನೆತ್ತಿ ಮುಚ್ಚಿದ ಗಟ್ಟಿ ಉಕ್ಕು. ದುರ್ಬೀನು ಸುಲಭವಾಗಿ ಕೂರುತ್ತದೆ, ಮಳೆ ಹಿಮವೂ ಒಳಗೆ ಹೋಗುವುದು ಕಡಿಮೆ. ನಲವತ್ತು ದಾಟಿ ಚಾಳೀಸಿನ ಕನ್ನಡಕ ಬಂದವರಿಗೆ ಈ ಒಂದೇ ಕಾರಣ ಸಾಕು.

ಮಾರ್ಲಿನ್‌ನಲ್ಲಿ ನೋಡಬೇಕಾದದ್ದು ನಳಿಗೆಯ ಬುಡದಲ್ಲಿ ಅಂಡಾಕಾರದೊಳಗೆ ಇರುವ 'ಜೆಎಂ' ಎಂಬ ಪುಟ್ಟ ಮುದ್ರೆ. ಅದು ಕನೆಕ್ಟಿಕಟ್‌ನ ಹಳೆಯ ಕಾರ್ಖಾನೆಯ ಗುರುತು. ಕಂಪನಿ ರೆಮಿಂಗ್ಟನ್ ಕೈಗೆ ಹೋಗಿ ತಯಾರಿಕೆ ಬೇರೆ ಊರಿಗೆ ಸ್ಥಳಾಂತರವಾದ ಮೇಲಿನ ಮೊದಲ ವರ್ಷಗಳ ಮಾಲು ಹೆಸರು ಕೆಡಿಸಿಕೊಂಡಿತು: ಓರೆಯಾದ ಗುರಿಗೂಟ, ಮರಕ್ಕೂ ಉಕ್ಕಿಗೂ ನಡುವೆ ನಾಣ್ಯ ತೂರುವಷ್ಟು ಸಂದು. 2020ರಲ್ಲಿ ರೂಗರ್ ಕಂಪನಿ ಮಾರ್ಲಿನ್ ಅನ್ನು ಕೊಂಡಿತು, ಈಗಿನ ಹೊಸ ಮಾಲು ಚೆನ್ನಾಗಿದೆ, ಆದರೆ ಅದು ನಮ್ಮ ಜೇಬಿನದ್ದಲ್ಲ. 1973ರ ಸುಮಾರಿನಿಂದೀಚಿನ ಹಳೆಯ ಮಾರ್ಲಿನ್‌ಗಳ ಹುಟ್ಟಿದ ವರ್ಷ ತಿಳಿಯಲು ಒಂದು ಚಂದದ ಉಪಾಯವಿದೆ: ಸರಣಿ ಸಂಖ್ಯೆಯ ಮೊದಲ ಎರಡು ಅಂಕಿಗಳನ್ನು ನೂರರಿಂದ ಕಳೆಯಿರಿ. 24ರಿಂದ ಶುರುವಾದರೆ 1976.

ಎರಡರಲ್ಲೂ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಕೂರುತ್ತವೆ. ಚೂಪು ಮೂತಿಯ ಗುಂಡು ಹಾಕಿದರೆ ಅದು ಮುಂದಿನ ತೋಟಾದ ಕೇಪಿಗೆ ತಾಗಿ ಕೊಳವೆಯೊಳಗೇ ಸಿಡಿಯುವ ಅಪಾಯವಿದೆ. ಮೊಂಡು ಮೂತಿಯವು, ಇಲ್ಲವೇ ಇದಕ್ಕೆಂದೇ ಮೆತ್ತನೆಯ ತುದಿಯಿಟ್ಟು ಮಾಡಿದವು ಮಾತ್ರ. ಹಾಗಾಗಿ ದೂರದ ಹೊಡೆತಕ್ಕೆ ಇವು ಹೇಳಿಸಿದವಲ್ಲ. ಇಲ್ಲಿನ ಓಕ್ ಕಾಡಿನಲ್ಲಿ ನೂರು ಗಜದಾಚೆ ಜಿಂಕೆ ಕಾಣುವುದೇ ಅಪರೂಪವಾದ್ದರಿಂದ ನನಗೆ ಅದು ಕೊರತೆ ಅನ್ನಿಸಿಲ್ಲ.

ಸ್ಯಾವೇಜ್ 99 ಎಂಬ ಮೂರನೆಯ ಲಿವರ್ ಕೋವಿಯ ಮಾತು ಬಂದರೆ ನನ್ನ ಧ್ವನಿ ಮೆತ್ತಗಾಗುತ್ತದೆ. 1899ರ ಕಲ್ಪನೆ, ಹೊರಗೆ ಹ್ಯಾಮರ್ ಇಲ್ಲ, ತೋಟಾಗಳು ಗಿರಗಿರನೆ ತಿರುಗುವ ಹಿತ್ತಾಳೆಯ ರಾಟೆಯಲ್ಲಿ ಕೂರುತ್ತವೆ, ಆದ್ದರಿಂದ ಚೂಪು ಗುಂಡಿಗೂ ಅಡ್ಡಿಯಿಲ್ಲ. ಎಷ್ಟು ತೋಟಾ ಉಳಿದಿದೆ ಎಂದು ಪಕ್ಕದ ಪುಟ್ಟ ಕಿಂಡಿಯಲ್ಲಿ ಅಂಕಿ ಕಾಣಿಸುತ್ತದೆ! ಒಂದು ಕಾಲಕ್ಕೆ ಬಡವರ ಜಾಣ ಆಯ್ಕೆಯಾಗಿತ್ತು. ಈಗ ಎಲ್ಲರಿಗೂ ಅದರ ಗುಣ ಗೊತ್ತಾಗಿ ಬೆಲೆ ಕೈಮೀರಿದೆ. ಯಾರಾದರೂ ಅಗ್ಗಕ್ಕೆ ಕೊಟ್ಟರೆ ರಿಸೀವರಿನ ಹಿಂದೆ ಮರ ಸೀಳಿದೆಯೇ ನೋಡಿ. ಅದು ಈ ಮಾದರಿಯ ಹುಟ್ಟುಗುಣ.

ಬೋಲ್ಟ್ ಕೋವಿಗಳ ಸಾಲು

ಬೋಲ್ಟ್ ಎಂಬ ಉಕ್ಕಿನ ಅಗುಳಿಯನ್ನು ಕೈಯಿಂದ ಹಿಂದಕ್ಕೆಳೆದು ಮುಂದೂಡಿ ತೋಟಾ ತುಂಬುವ ಈ ಕೋವಿಗಳಲ್ಲಿ ದುಡ್ಡಿಗೆ ಹೆಚ್ಚು ಸಿಗುತ್ತದೆ, ಏಕೆಂದರೆ ಇವುಗಳಿಗೆ ಸಿನಿಮಾದ ಪ್ರಭಾವಳಿ ಇಲ್ಲ. ವಿಂಚೆಸ್ಟರ್ 70ರ 1964ಕ್ಕಿಂತ ಹಿಂದಿನ ಮಾದರಿಯ ಬಗ್ಗೆ ಪುರಾಣಗಳೇ ಇವೆ. ಬೆಲೆಯೂ ಪುರಾಣದ್ದೇ, ಬಿಟ್ಟುಬಿಡಿ.

ನನ್ನ ಮೆಚ್ಚು ರೆಮಿಂಗ್ಟನ್ 721. 1948ರಲ್ಲಿ ಬಂದ, ಮುಂದೆ 1962ರಲ್ಲಿ ಪ್ರಸಿದ್ಧವಾದ 700ಕ್ಕೆ ಅಪ್ಪನಂತಿರುವ ಕೋವಿ. ತಗಡಿನ ಟ್ರಿಗರ್ ಗಾರ್ಡ್, ಒಪ್ಪ ಓರಣವಿಲ್ಲದ ಮರ, ನೋಡಿದರೆ ಮನೆಗೆ ತರಬೇಕು ಅನ್ನಿಸುವುದಿಲ್ಲ. ಆದರೆ ಬೋಲ್ಟ್ ತೋಟಾದ ಬುಡವನ್ನು ಉಕ್ಕಿನ ಬಳೆಯಂತೆ ಸುತ್ತುವರಿಯುತ್ತದೆ, ಗಟ್ಟಿತನದಲ್ಲಿ ಯಾರಿಗೂ ಕಡಿಮೆಯಿಲ್ಲ, 30-06ರಲ್ಲಿ ಗುರಿ ಚೆನ್ನಾಗಿ ಕೂರುತ್ತದೆ. ಗಿಡ್ಡ ತೋಟಾಗಳಿಗಾದರೆ ಇದರ ತಮ್ಮ 722. ಒಂದೇ ಎಚ್ಚರಿಕೆ: ರೆಮಿಂಗ್ಟನ್‌ನ ಆ ಹಳೆಯ ಟ್ರಿಗರ್ ಎಳೆಯದೆಯೇ ಗುಂಡು ಹಾರಿತೆಂಬ ದೂರುಗಳು ನ್ಯಾಯಾಲಯದವರೆಗೂ ಹೋಗಿ, ಕಂಪನಿ ರಾಜಿ ಮಾಡಿಕೊಳ್ಳಬೇಕಾಯಿತು. ಕೋವಿ ಖಾಲಿಯಿದೆ ಎಂದು ಎರಡು ಸಲ ಖಾತ್ರಿ ಮಾಡಿಕೊಂಡು, ಬೋಲ್ಟ್ ಮುಚ್ಚಿ, ಸೇಫ್ಟಿ ಹಾಕಿ, ಟ್ರಿಗರ್ ಎಳೆದು ಬಿಡಿ. ಬಳಿಕ ಸೇಫ್ಟಿ ತೆಗೆಯಿರಿ. ಆಗ 'ಟಕ್' ಎಂದರೆ ಕೆಳಗಿಟ್ಟು ಬನ್ನಿ. ಟಕ್ ಎನ್ನದಿದ್ದರೂ ಹೊಸ ಟ್ರಿಗರಿಗೆ ನೂರೈವತ್ತು ಡಾಲರಿನಷ್ಟು ತೆಗೆದಿಟ್ಟು ಚೌಕಾಸಿ ಮಾಡುವುದು ಲೇಸು.

ಇನ್ನೊಂದು ಬಳಗ ಯುದ್ಧ ಮುಗಿದ ಮೇಲೆ ಸೈನ್ಯದಿಂದ ಅಗ್ಗಕ್ಕೆ ಹೊರಬಂದ ರೈಫಲ್‌ಗಳದ್ದು. ಐವತ್ತು, ಅರವತ್ತರ ದಶಕದಲ್ಲಿ ಜನ ಇವುಗಳ ಮರ ಕೊಯ್ದು, ನಳಿಗೆ ಮೊಟಕುಗೊಳಿಸಿ ಬೇಟೆ ಕೋವಿ ಮಾಡಿಕೊಂಡರು. ಅಂದು ಕೊಯ್ದವರನ್ನು ಇಂದಿನ ಸಂಗ್ರಹಕಾರರು ಶಪಿಸುತ್ತಾರೆ, ನಮಗೆ ಅದೇ ವರ. ಇವುಗಳಲ್ಲಿ ಜರ್ಮನ್ ವಿನ್ಯಾಸದ ಮೌಸರ್ 98 ಎಲ್ಲಕ್ಕಿಂತ ಭರವಸೆಯದ್ದು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ 1903ರಲ್ಲಿ ಮಾತ್ರ ಸಂಖ್ಯೆ ನೋಡದೆ ಕೈ ಹಾಕಬೇಡಿ: ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8,00,000ಕ್ಕಿಂತ ಕೆಳಗಿನವು, ರಾಕ್ ಐಲ್ಯಾಂಡ್ ಕಾರ್ಖಾನೆಯ 2,85,507ಕ್ಕಿಂತ ಕೆಳಗಿನವು ಉಕ್ಕನ್ನು ಹದಗೊಳಿಸಿದ ರೀತಿಯಲ್ಲಿ ತಪ್ಪಾಗಿ, ಒಡೆಯುವ ಸ್ವಭಾವದವು. ಸಾವಿರದಲ್ಲಿ ಒಂದು ಒಡೆದರೂ ಒಡೆಯುವುದು ಕೆನ್ನೆಯ ಪಕ್ಕದಲ್ಲೇ.

ಬ್ರಿಟಿಷರ ಲೀ ಎನ್‌ಫೀಲ್ಡ್ ಕನ್ನಡಿಗರಿಗೆ ಪರಿಚಯದ ಮುಖ. ಪೊಲೀಸ್ ಠಾಣೆಯ ಬಾಗಿಲಲ್ಲಿ ಪೇದೆ ಹಿಡಿದು ನಿಲ್ಲುತ್ತಿದ್ದ 'ತ್ರೀ ನಾಟ್ ತ್ರೀ' ಇದೇ. ಕೊಯ್ದ ನಂಬರ್ 4 ಮಾದರಿ ಇಲ್ಲಿ ಇಂದಿಗೂ ಅಗ್ಗದ ಕೋವಿಗಳ ಸಾಲಿನಲ್ಲಿದೆ. ಬೋಲ್ಟ್ ಬೆಣ್ಣೆಯಂತೆ ಜಾರುತ್ತದೆ, ಹತ್ತು ತೋಟಾ ಹಿಡಿಸುತ್ತದೆ. ಬೋಲ್ಟಿನ ಮೂತಿಯನ್ನು 0ಯಿಂದ 3ರವರೆಗಿನ ಅಳತೆಗಳಲ್ಲಿ ಬಿಡಿಯಾಗಿ ಮಾಡಿದ್ದರು, ಸವೆದಾಗ ಬದಲಾಯಿಸಲೆಂದು. ಅಲ್ಲಿ 3 ಎಂದು ಕಂಡರೆ ಆ ಕೋವಿ ಸವೆದು ಸವೆದು ಕೊನೆಯ ಮೆಟ್ಟಿಲಿಗೆ ಬಂದಿರಬಹುದು, ಪರೀಕ್ಷೆ ಮಾಡಿಸದೆ ಕೊಳ್ಳಬೇಡಿ. ಬಂಗಾಳದ ಇಶಾಪುರದಲ್ಲಿ ಅರವತ್ತರ ದಶಕದಲ್ಲಿ 7.62 ತೋಟಾಕ್ಕೆಂದು ಮಾಡಿದ 2ಎ1 ಕೂಡ ಅಮೆರಿಕದ ಅಂಗಡಿಗಳಲ್ಲಿ ಎದುರಾಗುತ್ತದೆ. ಅದಕ್ಕೆ ಅಂಗಡಿಯ ಬಿರುಸಾದ 308 ತೋಟಾ ಹಾಕಬಹುದೇ ಎಂಬ ಜಗಳ ಮುಗಿದೇ ಇಲ್ಲ. ಊರಿನ ಅಭಿಮಾನಕ್ಕೆ ಕೊಳ್ಳುವುದಾದರೆ ಅಡ್ಡಿಯಿಲ್ಲ, ಬೇಟೆಗೆಂದು ಕೇಳಿದರೆ ನಾನು 721 ಎನ್ನುತ್ತೇನೆ.

ತೀರಾ ಕೈ ಕಟ್ಟಿದ್ದರೆ ಸ್ಯಾವೇಜ್ 340 ಇದೆ: 30-30 ತೋಟಾ ಹಾಕುವ, ಅಲಂಕಾರದ ಗಂಧವಿಲ್ಲದ ಬೋಲ್ಟ್ ಕೋವಿ. ಕೊಳ್ಳುವಾಗ ಮ್ಯಾಗಜಿನ್, ಅಂದರೆ ತೋಟಾ ತುಂಬುವ ಡಬ್ಬಿ, ಜೊತೆಗಿದೆಯೇ ನೋಡಿ. ಅದು ಕಳೆದಿದ್ದರೆ ಬಿಡಿಯಾಗಿ ಹುಡುಕುವಷ್ಟರಲ್ಲಿ ಅಗ್ಗದ ಕೋವಿ ಅಗ್ಗವಾಗಿ ಉಳಿಯುವುದಿಲ್ಲ.

ನಳಿಗೆಯ ಕೆಳಗಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ತುಂಬುವ ಪಂಪ್ ಮಾದರಿಯ ರೆಮಿಂಗ್ಟನ್ 760 ಪೆನ್ಸಿಲ್ವೇನಿಯಾದ ಮನೆಮಾತು. ಇಲ್ಲಿ ಜಿಂಕೆ ಬೇಟೆಗೆ ಅರೆಸ್ವಯಂಚಾಲಿತ ರೈಫಲ್ ನಿಷಿದ್ಧವಾಗಿದ್ದರಿಂದ ಜನ ಇದಕ್ಕೆ ಒಗ್ಗಿಕೊಂಡರು. ಒಳ್ಳೆಯ ಕೋವಿ. ಅದರ ಅರೆಸ್ವಯಂಚಾಲಿತ ಸೋದರ 742 ಮಾತ್ರ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ: ಬೋಲ್ಟ್ ಜಾರುವ ಹಳಿಗಳು ಸವೆದು ಒರಟಾಗುತ್ತವೆ, ಸವೆದರೆ ರಿಪೇರಿಯಿಲ್ಲ.

ಬೇರೆ ಹೆಸರಿನಲ್ಲಿ ಮಾರಿದ ಅದೇ ಮಾಲು

ಐನೂರು ಡಾಲರಿನವನಿಗೆ ನಿಜವಾದ ನಿಧಿ ಇಲ್ಲಿದೆ. ಸಿಯರ್ಸ್, ಮಾಂಟ್ಗೊಮರಿ ವಾರ್ಡ್ ಮುಂತಾದ ದೊಡ್ಡ ಅಂಗಡಿಗಳು ಆ ಕಾಲದಲ್ಲಿ ಹೆಸರಾಂತ ಕಾರ್ಖಾನೆಗಳಿಂದ ಕೋವಿ ಮಾಡಿಸಿ ತಮ್ಮ ಹೆಸರು ಒತ್ತಿಸಿ ಮಾರುತ್ತಿದ್ದವು. ಸಿಯರ್ಸ್‌ನ 'ಟೆಡ್ ವಿಲಿಯಮ್ಸ್ 100' ಅಂದರೆ ವಿಂಚೆಸ್ಟರ್ 94. ಐವತ್ತರ ದಶಕದ 'ಜೆ. ಸಿ. ಹಿಗಿನ್ಸ್ 50' ಒಳಗೆ ಬೆಲ್ಜಿಯಂನ ಎಫ್ಎನ್ ಕಾರ್ಖಾನೆಯ ಮೌಸರ್ ಯಂತ್ರವಿದೆ, ನಳಿಗೆಯೊಳಗೆ ಕ್ರೋಮ್ ಲೇಪನವಿದೆ. ಅದೇ ಯಂತ್ರ ಹೆಸರಾಂತ ಕಂಪನಿಯ ಮುದ್ರೆ ಹೊತ್ತರೆ ಬೆಲೆ ಎಲ್ಲೋ ಇರುತ್ತದೆ. 'ಗ್ಲೆನ್‌ಫೀಲ್ಡ್' ಎಂದರೆ ಮಾರ್ಲಿನ್ ಕಂಪನಿಯದೇ ಅಗ್ಗದ ಹೆಸರು. ಅಕ್ರೋಟು ಮರದ ಬದಲು ಬಣ್ಣ ಬಳಿದ ಬರ್ಚ್ ಮರ, ಅದರ ಮೇಲೆ ಅಚ್ಚೊತ್ತಿದ ಚಿತ್ತಾರ. ಒಳಗಿನ ಉಕ್ಕು 336ರದ್ದೇ. ಹೆಸರಿಗೆಂದು ಕೊಡುವ ನೂರಿನ್ನೂರು ಡಾಲರ್ ಉಳಿಯುತ್ತದೆ.

ಕೈಗೆತ್ತಿಕೊಂಡಾಗ

ನಾನು ಮೋಸ ಹೋದದ್ದು ಒಂದು ಮನೆಸಾಮಾನಿನ ಹರಾಜಿನಲ್ಲಿ, ಕಡುಗಪ್ಪಾಗಿ ಹೊಳೆಯುತ್ತಿದ್ದ 94 ಕೊಂಡು. ಅರವತ್ತು ವರ್ಷದ ಕೋವಿ ಮದುಮಗನಂತೆ ಮಿಂಚುತ್ತಿದ್ದರೆ ಅನುಮಾನ ಪಡಬೇಕು ಎಂಬ ಬುದ್ಧಿ ಆಗ ಇರಲಿಲ್ಲ. ತುಕ್ಕು ಹಿಡಿದದ್ದನ್ನು ಉಜ್ಜಿ, ಮತ್ತೆ ಬ್ಲೂಯಿಂಗ್ ಮಾಡಿಸಿದ್ದರು. ಗುರುತು ಸುಲಭ: ಚೂಪಾಗಿರಬೇಕಾದ ಅಂಚುಗಳು ಸಾಬೂನು ಸವೆದಂತೆ ಗುಂಡಗಾಗಿರುತ್ತವೆ, ಕೊರೆದ ಅಕ್ಷರಗಳು ಮಸುಕಾಗಿರುತ್ತವೆ, ಸ್ಕ್ರೂ ತೂತಿನ ಬಾಯಿ ತಟ್ಟೆಯಂತೆ ತಗ್ಗಾಗಿರುತ್ತದೆ. ಬಣ್ಣವನ್ನಾದರೂ ಕ್ಷಮಿಸಬಹುದಿತ್ತು, ನಳಿಗೆಯನ್ನಲ್ಲ. ಮನೆಗೆ ತಂದು ಒಳಗೆ ಬೆಳಕು ಬಿಟ್ಟು ನೋಡಿದರೆ ಸುರುಳಿ ಗೀರುಗಳ ನಡುವೆ ಸಿಡುಬಿನ ಕಲೆಯಂತೆ ಗುಳಿಗಳು. ಐವತ್ತು ಗಜದಲ್ಲಿ ಊಟದ ತಟ್ಟೆಯಷ್ಟಗಲಕ್ಕೆ ಗುಂಡು ಚೆದುರುತ್ತಿತ್ತು.

ಆದ್ದರಿಂದ ಜೇಬಿನಲ್ಲಿ ಒಂದು ಸಣ್ಣ ಟಾರ್ಚ್ ಇಟ್ಟುಕೊಂಡೇ ಹೋಗಿ. ಅಂಗಡಿಯವರನ್ನು ಕೇಳಿ ಬೋಲ್ಟ್ ತೆಗೆಸಿ ಹಿಂದಿನಿಂದ ನೋಡಿ. ಲಿವರ್ ಕೋವಿಯಾದರೆ ಬಾಯಿ ತೆರೆದು ಒಳಗೆ ಬಿಳಿ ಕಾಗದ ಹಿಡಿದು, ಮುಂದಿನಿಂದ ನೋಡಿ. ಕೊಳೆಗೂ ಗುಳಿಗೂ ವ್ಯತ್ಯಾಸವಿದೆ: ಕೊಳೆ ಒಂದು ಬಟ್ಟೆಚೂರು ಓಡಿಸಿದರೆ ಹೋಗುತ್ತದೆ, ಗುಳಿ ಹೋಗುವುದಿಲ್ಲ. ಬಟ್ಟೆ ಓಡಿಸಲು ಮಾರುವವರು ಬಿಡದಿದ್ದರೆ ಅದೇ ಉತ್ತರ. ನಳಿಗೆಯ ತುದಿಯ ಬಾಯಂಚನ್ನು ಬೆರಳಿನಿಂದ ಸವರಿ ನೋಡಿ. ಲಿವರ್ ಕೋವಿಗಳನ್ನು ತಲೆಮಾರುಗಳಿಂದ ಮುಂದಿನಿಂದಲೇ ಕಡ್ಡಿ ತೂರಿಸಿ ಶುಚಿ ಮಾಡಿರುವುದರಿಂದ ಸವೆಯುವುದು ಅಲ್ಲೇ. ಬಾಯಂಚು ಮಾತ್ರ ಕೆಟ್ಟಿದ್ದರೆ ರಿಪೇರಿಯವರು ಕಡಿಮೆ ಖರ್ಚಿನಲ್ಲಿ ಸರಿಮಾಡುತ್ತಾರೆ. ತೋಟಾ ಕೂರುವ ಜಾಗ ಸಡಿಲವಾಗಿದೆಯೇ ಎಂಬುದನ್ನು ಕಣ್ಣಿನಿಂದ ಹೇಳಲಾಗದು, ಅದಕ್ಕೆ ಅಳತೆಯ ಗೇಜು ಬೇಕು. ಕೊಂಡ ಮೇಲೆ ಮೊದಲ ಗುಂಡಿಗೆ ಮುಂಚೆ ಅದೊಂದನ್ನು ಮಾಡಿಸಿ.

ಮರದಲ್ಲಿ ಗೀಚು, ತಗ್ಗು ಇದ್ದರೆ ಲೆಕ್ಕಿಸಬೇಡಿ. ಹಿಡಿ ಸಣ್ಣಗಾಗುವ ಕಡೆ ಸೀಳು ಇದ್ದರೆ ಲೆಕ್ಕಿಸಿ. ಮರವೂ ಉಕ್ಕೂ ಸೇರುವ ಗೆರೆಯಲ್ಲಿ ತುಕ್ಕು ಇಣುಕುತ್ತಿದ್ದರೆ ಒಳಗೆ ಅದರ ಸಂಸಾರವೇ ಇರುತ್ತದೆ. ಬ್ರೌನಿಂಗ್ ಕಂಪನಿಯ ಅರವತ್ತರ ದಶಕದ ಕೊನೆಯ ಕೆಲವು ಚೆಲುವಾದ ಕೋವಿಗಳಲ್ಲಂತೂ ಮರವನ್ನೇ ಉಪ್ಪಿನಲ್ಲಿ ಒಣಗಿಸಿದ್ದರಿಂದ ಉಕ್ಕು ಒಳಗೊಳಗೇ ತಿಂದುಹೋಗಿದೆ. ಹೊಡೆತ ತಡೆಯಲು ಹಿಡಿಯ ಹಿಂದೆ ರಬ್ಬರ್ ಮೆತ್ತೆ ಹಾಕಿಸಿ, ಅದಕ್ಕಾಗಿ ಮರವನ್ನು ಒಂದಿಂಚು ಕೊಯ್ದಿದ್ದರೆ ಸಂಗ್ರಹಕಾರ ಮುಖ ಸಿಂಡರಿಸುತ್ತಾನೆ. ಆರಡಿ ಅಮೆರಿಕನ್ನನ ಅಳತೆಗೆ ಮಾಡಿದ ಕೋವಿ ಐದೂವರೆ ಅಡಿಯ ನನಗೆ ಅಂಥ ಕೊಯ್ತದಿಂದಲೇ ಸರಿಹೊಂದುತ್ತದೆ. ಬೆಲೆ ಇಳಿಸಿ, ಮೇಲೆ ದರ್ಜಿಯ ಖರ್ಚನ್ನೂ ಉಳಿಸಿದಂತೆ.

ಬೆಲೆ ಮತ್ತು ಕಾಗದ

ಅಂತರ್ಜಾಲದಲ್ಲಿ ಜನ ಕೇಳುವ ಬೆಲೆ ನೋಡಬೇಡಿ, ಮಾರಾಟವಾಗಿ ಮುಗಿದ ಹರಾಜುಗಳ ಬೆಲೆ ನೋಡಿ. ಎರಡಕ್ಕೂ ನಡುವೆ ಮಾವಿನ ತೋಟಕ್ಕೂ ಮಾವಿನ ಹಣ್ಣಿಗೂ ಇರುವಷ್ಟು ಅಂತರ. ಅದಕ್ಕೆ ಸಾಗಣೆಯ ಖರ್ಚು, ನಿಮ್ಮ ಊರಿನ ಲೈಸೆನ್ಸುದಾರ ವ್ಯಾಪಾರಿಯ ವರ್ಗಾವಣೆ ಶುಲ್ಕ ಸೇರಿಸಿ. ಬೇರೆ ರಾಜ್ಯದಿಂದ ಹೀಗೆ ತರಿಸಿಕೊಂಡ ರೈಫಲ್ ಅವರ ಮೂಲಕವೇ ಬರಬೇಕು. 'ದುರ್ಬೀನು ಉಚಿತ' ಎಂದರೆ ಅದರ ಬೆಲೆ ಸೊನ್ನೆ ಎಂದೇ ತಿಳಿಯಿರಿ, ಮೂವತ್ತು ವರ್ಷದ ಅಗ್ಗದ ದುರ್ಬೀನು ಮಂಜು ಹಿಡಿದಿರುತ್ತದೆ. ಅಕ್ಟೋಬರ್, ನವೆಂಬರಿನಲ್ಲಿ ಎಲ್ಲರಿಗೂ ಕೋವಿ ಬೇಕು. ಜನವರಿ ದಾಟಿ ಕ್ರಿಸ್ಮಸ್ ಸಾಲದ ಬಿಲ್ಲು ಬಂದ ಮೇಲೆ ಗಿರವಿ ಅಂಗಡಿಗಳಲ್ಲಿ ಮಾತು ಬೇರೆಯಾಗುತ್ತದೆ.

ಎಚ್‌1ಬಿ, ಎಫ್‌1 ಮುಂತಾದ ತಾತ್ಕಾಲಿಕ ವೀಸಾದಲ್ಲಿರುವವರು ಇದನ್ನು ಎರಡು ಸಲ ಓದಬೇಕು. ಅಮೆರಿಕದ ಕೇಂದ್ರ ಕಾನೂನಿನಂತೆ ಇಂಥವರು ಬಂದೂಕು ಕೊಳ್ಳುವುದಿರಲಿ, ಹತ್ತಿರ ಇಟ್ಟುಕೊಳ್ಳುವುದೂ ಅಪರಾಧ. ಇರುವ ಕೆಲವೇ ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಅದರ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. ವ್ಯಾಪಾರಿ ಕೊಡುವ 4473 ಎಂಬ ಅರ್ಜಿಯಲ್ಲಿ ಈ ಪ್ರಶ್ನೆ ಇದೆ, ಸುಳ್ಳು ಬರೆದರೆ ಜೈಲು, ಜೊತೆಗೆ ವೀಸಾದ ಕಥೆಯೂ ಮುಗಿಯುತ್ತದೆ. ಗೆಳೆಯನ ಹೆಸರಿನಲ್ಲಿ ಕೊಂಡರಾಯಿತು ಎಂಬ ನಮ್ಮ ಜಾಣತನಕ್ಕೆ ಇಲ್ಲಿ ಬೇರೆಯೇ ಕಲಮು ಇದೆ. ಗ್ರೀನ್ ಕಾರ್ಡ್ ಇರುವವರಿಗೆ ಈ ತೊಡಕಿಲ್ಲ, ರಾಜ್ಯದ ನಿಯಮ ಮಾತ್ರ ನೋಡಿಕೊಳ್ಳಬೇಕು. ಗ್ರೀನ್ ಕಾರ್ಡ್ ಬಂದ ಮೇಲಷ್ಟೇ ನಾನು ಆ ಅಂಗಡಿಯ ಮೆಟ್ಟಿಲು ಹತ್ತಿದ್ದು.

ಕೊನೆಗೆ ನಾನು ಕೊಂಡದ್ದು ಒಂದು ಗ್ಲೆನ್‌ಫೀಲ್ಡ್. 1976ರದ್ದು, ನೆತ್ತಿಯಲ್ಲಿ ಬೇಡದ ಎರಡು ತೂತು, ಹಿಡಿಯ ಹಿಂದೆ ಸವೆದ ರಬ್ಬರು, ಹಿಂದಿನ ಯಜಮಾನ ಮೊಳೆಯಿಂದ ಕೆತ್ತಿಕೊಂಡ ತನ್ನ ಹೆಸರಿನ ಎರಡು ಅಕ್ಷರ. ಫೆಬ್ರವರಿಯಲ್ಲಿ, ತೆರಿಗೆ ಸೇರಿ 430 ಡಾಲರ್. ನಳಿಗೆಯೊಳಗೆ ಟಾರ್ಚ್ ಬಿಟ್ಟಾಗ ಅಂಗಡಿಯವರು, 'ಇಷ್ಟು ಹೊತ್ತು ನೋಡಿದವರು ಕೊಳ್ಳುವುದಿಲ್ಲ' ಎಂದರು. ತೂತುಗಳಿಗೆ ನಾಲ್ಕು ಡಾಲರಿನ ಸ್ಕ್ರೂ ತಂದು ಮುಚ್ಚಿದ್ದೇನೆ. ಅಕ್ಷರಗಳನ್ನು ಹಾಗೇ ಬಿಟ್ಟಿದ್ದೇನೆ.